ಸ್ಕ್ಯಾನ್ ಬಾಗಿಲಿನ ಆಯಮ್ಮ

ತಲೆಯ ರಕ್ತನಾಳಗಳ ಸ್ಕ್ಯಾನಿಗೆ ಬಂದವರು ಯಾರೇ ಆಗಲಿ, ಬಾಗಿಲಲ್ಲಿ ಕೂತ ಆಯಮ್ಮನ ಕೈ ದಾಟದೆ ಒಳಗೆ ಹೋಗುವಂತಿಲ್ಲ. "ಒಳಗಿರೋದು ಆನೆಯಂಥ ಅಯಸ್ಕಾಂತ, ಒಂದು ಪಿನ್ನೂ ಬಿಡಲ್ಲ" ಎಂದು ಹೆದರಿಸಿ ಬಳೆ, ಬೀಗದ ಕೈ, ಹಲ್ಲಿನ ಸೆಟ್ಟು ಎಲ್ಲವನ್ನೂ ತಟ್ಟೆಗೆ ಹಾಕಿಸುತ್ತಾಳೆ. ನಾಲ್ಕು ತಾಸಿನಿಂದ ಏನೂ ತಿಂದಿಲ್ಲ ಅಂದವರ ಮೀಸೆಯಲ್ಲಿ ಬಿಸ್ಕತ್ತಿನ ಪುಡಿ ಹುಡುಕಿ, "ಸುಳ್ಳು ಹೇಳೋದಿದ್ರೆ ಮೀಸೆ ಒರೆಸ್ಕೊಂಡು ಹೇಳಪ್ಪ" ಅನ್ನುತ್ತಾಳೆ. ಇಂಥ ಬಾಯಾಳಿ, ಮುದುಕರ ಜೊತೆ ಬಂದ ಮಕ್ಕಳು "ಎಷ್ಟಾಗುತ್ತೆ?" ಅಂದರೆ ಮಾತ್ರ ಬಾಯಿಗೆ ಬೀಗ ಹಾಕುತ್ತಾಳೆ. ಮೊದಲು ಮುದುಕರ ಕಿವಿ ಮಿಷನ್ನು ಬಿಚ್ಚಿಸಿ ತಟ್ಟೆಗೆ ಹಾಕಿ, ಆಮೇಲೆಯೇ ಬೆಲೆ ಹೇಳುವುದು. ಕಿವಿ ಚುರುಕಿದ್ದವರನ್ನು ಬಟ್ಟೆ ಬದಲಿಸಲು ಅಟ್ಟಿ ಹೇಳುತ್ತಾಳೆ. ಅವಳ ಗಂಡನ ಕಿವಿ ಬಲು ಚುರುಕಾಗಿತ್ತು. ಇದೇ ಬೆಂಚಿನ ಮೇಲೆ ಕೂತು ಬೆಲೆ ಕೇಳಿಸಿಕೊಂಡವನು, "ಈ ಹಳೇ ತಲೆಗೆ ಅಷ್ಟ್ಯಾಕೆ, ನಡಿಯೇ" ಎಂದು ಚಪ್ಪಲಿ ಮೆಟ್ಟಿ ಮನೆಗೆ ಹೊರಟುಬಿಟ್ಟ. ತಿಂಗಳು ತುಂಬುವ ಮೊದಲೇ ತಲೆಯ ರಕ್ತನಾಳ ಒಡೆದು ತೀರಿಕೊಂಡ. ಇವತ್ತೂ ಒಬ್ಬ ಅಜ್ಜ ಬರಿಗಿವಿಯಲ್ಲಿ ಕೂತು, ಮಗಳ ಮುಖ ಸಪ್ಪಗಾದದ್ದನ್ನು ಕಂಡು, "ಎಷ್ಟಂತಮ್ಮ?" ಎಂದ. ಆಯಮ್ಮ ಅವನ ಕಿವಿಗೆ ಬಾಯಿಟ್ಟು ಕೂಗಿ ಹೇಳಿದಳು: "ಅಲ್ಲಾಡದೆ ಮಲಗ್ಬೇಕಂತೆ ಅಜ್ಜ, ಅಷ್ಟೇ." "ಅಷ್ಟೇನಾ?" ಎಂದು ಅಜ್ಜ ಚಪ್ಪಲಿ ಬಿಟ್ಟು ಒಳಗೆ ನಡೆದ.