ಪಾಪಮ್ಮನ ಕಚ್ಚು, ಹೆಲೆನ್ನಳ ಅಚ್ಚು

ಚಿತ್ರಪ್ರದರ್ಶನಕ್ಕೆ ಹೋದ ಸಭ್ಯರು ಪ್ರತಿಯೊಂದು ಚಿತ್ರದ ಎದುರಿಗೂ ಎರಡು ಹೆಜ್ಜೆ ಹಿಂದಕ್ಕೆ ಸರಿಯುವುದನ್ನು ನೀವೂ ಗಮನಿಸಿರಬಹುದು. ಹಾಯುವ ಹಸುವಿನ ಮುಂದೆಯೂ ಮನುಷ್ಯ ಹೀಗೆಯೇ ಸರಿಯುತ್ತಾನೆ. ಆದರೆ ಅಲ್ಲಿ ಗದ್ದಕ್ಕೆ ಕೈಯಿಟ್ಟು ತಲೆದೂಗುವುದಿಲ್ಲ.

ಈ ಹಿಂಜರಿಕೆಯ ಪರಮಾವಧಿಯನ್ನು ನಾನು ಕಂಡದ್ದು ಎಂಬತ್ತರ ದಶಕದ ಆರಂಭದಲ್ಲಿ, ಹೊಸೂರಿನಲ್ಲಿ. ಆಗ ನಾನು ಅಲ್ಲಿನ ಶಾಲೆಯೊಂದರ ಡ್ರಾಯಿಂಗ್ ಮೇಷ್ಟ್ರು. ಇಪ್ಪತ್ತು ವರ್ಷ ಮಕ್ಕಳಿಂದ ಮಾವಿನಹಣ್ಣು, ಹೂಜಿ, ಸೂರ್ಯೋದಯಗಳನ್ನು ಬರೆಸಿ, ಕಲೆಯಲ್ಲಿ ನನಗೆ ತಿಳಿಯದ್ದೂ ಇರಬಹುದೆಂಬ ಸಂಶಯವನ್ನೇ ಕಳೆದುಕೊಂಡಿದ್ದೆ. ಊರ ಸುತ್ತ ಕಾರ್ಖಾನೆಗಳು ಏಳುತ್ತಿದ್ದ ಕಾಲ. ಅಂಥದ್ದೊಂದರ ಮ್ಯಾನೇಜರರ ಮನೆಗೆ ಹೆಲೆನ್ ಎಂಬ ಅಮೆರಿಕದ ಕಲಾವಿದೆ ಎರಡು ತಿಂಗಳ ಅತಿಥಿಯಾಗಿ ಬಂದಳು. ಕನ್ನಡ, ತಮಿಳು, ತೆಲುಗುಗಳನ್ನು ಆಡಬಲ್ಲ, ಇಂಗ್ಲಿಷನ್ನು ಹೇಗೋ ಎದುರಿಸಬಲ್ಲ ನನ್ನನ್ನು ಆಕೆಗೆ ದುಭಾಷಿಯಾಗಿ ಗೊತ್ತುಮಾಡಿದರು.

ಆಕೆಯ ಕಲೆಯೋ! ಚಿತ್ರಕ್ಕೂ ಪಂಚೆಗೆ ಬಿದ್ದ ಎಣ್ಣೆಯ ಗುರುತಿಗೂ ಕಲೆಯೆಂದು ಒಂದೇ ಹೆಸರಿಟ್ಟ ನಮ್ಮ ಭಾಷೆಯ ವಿವೇಕಕ್ಕೆ ನಾನು ಅಂದು ಮನಸಾರೆ ನಮಸ್ಕರಿಸಿದೆ. ಕೃಷ್ಣಗಿರಿ ದಾರಿಯ ಬಂಡೆಗಳೆದುರು ದಿನವಿಡೀ ಇದ್ದಲು ಹಿಡಿದು ಕೂರುತ್ತಿದ್ದಳು. ಕಾಗದದ ಮೇಲೆ ಬಂಡೆ ಇರುತ್ತಿರಲಿಲ್ಲ, ಬಂಡೆಯ ಬಿರುಕೊಂದೇ ಇರುತ್ತಿತ್ತು. ಕಲ್ಲುಗಣಿಯವರು ಬಿಸಾಡಿದ ಚೂರುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಶಿಲ್ಪವೆಂದಳು. ನಮ್ಮ ಕಡೆ ಆಡು ಕಾಯುವವರು ಹೊತ್ತು ಹೋಗದಾಗ ಮಾಡುವ ಕೆಲಸ ಅದು. ಅವರು ಅದಕ್ಕೆ ಹೆಸರಿಡುವುದಿಲ್ಲ, ಅಷ್ಟೇ ವ್ಯತ್ಯಾಸ.

ಒಂದು ದಿನ ಮ್ಯಾನೇಜರರ ಹಿತ್ತಿಲಿಗೆ ಪಾಪಮ್ಮ ಬಂದಳು. ಖಾರ ಅರೆದು ಅರೆದು ನುಣುಪಾದ ಕಲ್ಲುಗಳಿಗೆ ಉಳಿಯಿಂದ ಕಚ್ಚು ಹಾಕಿ ಮತ್ತೆ ತರಿಯಾಗಿಸುವುದು ಆಕೆಯ ಕಸುಬು. ರಾಯಕೋಟೆಯಿಂದ ಬಸ್ಸಿನಲ್ಲಿ ಬಂದು ಬೀದಿ ಬೀದಿ ತಿರುಗುತ್ತಿದ್ದಳು. ಹೆಲೆನ್ ಹಿತ್ತಿಲ ಮೆಟ್ಟಿಲಲ್ಲಿ ಕೂತು ಕಣ್ಣೆವೆಯಿಕ್ಕದೆ ನೋಡಿದಳು. ಪಾಪಮ್ಮ ಹೋದ ಮೇಲೆ ಆ ಕಲ್ಲಿಗೆ ಮಸಿ ಬಳಿದು, ಕಾಗದ ಹಾಸಿ ಒತ್ತಿ, ಅಚ್ಚು ತೆಗೆದಳು. ಕರಿಯ ಹಾಳೆಯ ತುಂಬ ಸಾವಿರಾರು ಬಿಳಿಯ ಚುಕ್ಕೆಗಳು. ಕಚ್ಚಿಗೆ ಅಚ್ಚು ಸೇರಿದರೆ ಹುಚ್ಚು ಎಂದು ಮನಸ್ಸಿನಲ್ಲೇ ಪ್ರಾಸ ಕಟ್ಟಿ ಹಿಗ್ಗಿದೆ. ಮ್ಯಾನೇಜರರ ಮನೆಯ ಚಟ್ನಿ ಮಾತ್ರ ಒಂದು ವಾರ ಮುದ್ರಣಾಲಯದ ವಾಸನೆ ಹೊಡೆಯಿತಂತೆ.

ಅಧಿಕಾರಿಗಳ ಕ್ಲಬ್ಬಿನಲ್ಲಿ ಪ್ರದರ್ಶನ ಏರ್ಪಟ್ಟಿತು. ಯಂತ್ರದ ಬಿಡಿಭಾಗವಲ್ಲದ ಯಾವುದನ್ನೂ ಎರಡು ನಿಮಿಷ ದಿಟ್ಟಿಸದ ಇಂಜಿನಿಯರುಗಳು ಆ ಚುಕ್ಕೆಗಳಲ್ಲಿ ನಕ್ಷತ್ರಲೋಕವನ್ನು ಕಂಡರು. ಅವರ ಶ್ರೀಮತಿಯರು ಇನ್ನೂ ಮುಂದೆ ಹೋಗಿ ಶೂನ್ಯವನ್ನೇ ಕಂಡರು. ನಾನು ಒಳಗೊಳಗೇ ನಗುತ್ತ, ಹೊರಗೆ ಎಲ್ಲರಿಗಿಂತ ಜೋರಾಗಿ “ಅದ್ಭುತ” ಎಂದೆ.

ಹೆಲೆನ್ ಪಾಪಮ್ಮನನ್ನೂ ಕರೆಸಿದ್ದಳು. ಆಕೆ ಚಪ್ಪಲಿ ಹೊರಗೆ ಬಿಟ್ಟು ಬಂದವಳೇ ಹಾಳೆಗೆ ಮೂಗು ತಾಗುವಷ್ಟು ಹತ್ತಿರ ಹೋದಳು. ಮುಖ ಕಪ್ಪಿಟ್ಟಿತು.

“ಮೇಷ್ಟ್ರೇ, ಇದ್ನ ತೆಗೆದಾಕಕ್ಕೆ ಏಳಿ ದೊರೆಸಾನಮ್ಮಂಗೆ. ಇದು ನನ್ ಕೈ ಕೆಲ್ಸ. ಆವತ್ತು ರಟ್ಟೆ ನೋವು, ಈ ಮೂಲೆನಾಗೆ ಕಚ್ಚು ಒಂದರ್ ಮ್ಯಾಲೊಂದು ಬಿದ್‌ಬುಟ್ಟವೆ. ನಾಕ್ ಜನ ನೋಡುದ್ರೆ ಪಾಪಮ್ಮ ಕೆಲ್ಸ ಕೆಡಿಸ್ತಾಳೆ ಅಂತಾರೆ. ಆಮ್ಯಾಕೆ ಯಾರು ಕಲ್ಲು ಕೊಡ್ತಾರೆ ನಂಗೆ?”

ಆಕೆ ಹೇಳಿದ್ದೇನೆಂದು ಹೆಲೆನ್ ಕೇಳಿದಳು. ಮ್ಯಾನೇಜರರು ನನ್ನ ಮುಖವನ್ನೇ ನೋಡುತ್ತಿದ್ದರು. ತುಂಬ ಚೆನ್ನಾಗಿದೆ ಎನ್ನುತ್ತಾಳೆ, ಎಂದು ಅನುವಾದಿಸಿದೆ. ಹೆಲೆನ್ ಕೈಮುಗಿದಳು, ಉಳಿದವರು ಚಪ್ಪಾಳೆ ತಟ್ಟಿದರು.

ಪಾಪಮ್ಮನಿಗೆ ಇಂಗ್ಲಿಷ್ ಬಾರದು, ಆದರೆ ಹಾಳೆ ಗೋಡೆಯಲ್ಲೇ ಉಳಿದದ್ದು ಅರ್ಥವಾಯಿತು. ನನ್ನನ್ನೊಮ್ಮೆ ನೋಡಿ, ತಾನೇ ಅದನ್ನು ಕಿತ್ತು, ಸುರುಳಿ ಸುತ್ತಿ ಕಂಕುಳಲ್ಲಿಟ್ಟು ಹೊರಟಳು. “ಕಳ್ಳತನ!” ಎಂದು ಯಾರೋ ಕೂಗಿದರು. ಗೇಟಿನಲ್ಲಿ ಕಾವಲುಗಾರ ಆಕೆಯ ತೋಳು ಹಿಡಿದ. ಹೆಲೆನ್ ಓಡಿ ಬಂದು, ಆಕೆ ನಿಜವಾಗಿ ಹೇಳಿದ್ದೇನೆಂದು ನನ್ನನ್ನು ಮತ್ತೆ ಕೇಳಿದಳು. ಪಾಪಮ್ಮ ಕಳ್ಳಿಯೆನಿಸಿಕೊಂಡು ನಿಂತಿದ್ದಳು. ನಾನು ಹೇಳಿದೆ.

ಹೆಲೆನ್ನಳ ಮುಖ ಕೆಂಪಾಯಿತು. ನನಗೆ ಒಂದೇ ಒಂದು ವಾಕ್ಯ ಹೇಳಿದಳು. ಅದನ್ನು ನಾನು ಇಂದಿಗೂ ಯಾವ ಭಾಷೆಗೂ ಅನುವಾದಿಸಿಲ್ಲ. ಕಾವಲುಗಾರನ ಕೈ ಬಿಡಿಸಿ, ಪಾಪಮ್ಮನ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಹಾಳೆ ಬಿಡಿಸಿದಳು. ಪಾಪಮ್ಮ ಬೆರಳಿಟ್ಟು ಓದತೊಡಗಿದಳು: ಇಲ್ಲಿ ಉಳಿ ಮೊಂಡಾಯಿತು, ಇಲ್ಲಿ ಮಸೆದು ಮತ್ತೆ ಶುರುಮಾಡಿದೆ, ಇಲ್ಲಿ ಮನೆಯಮ್ಮ ಮಜ್ಜಿಗೆ ಕೊಡಲು ಕೂಗಿದರು, ತಲೆಯೆತ್ತಿದೆ. ನಾನು ಒಂದಕ್ಷರ ಬಿಡದೆ ಅನುವಾದಿಸಿದೆ. ನಾನು ನಕ್ಕಿದ್ದ ಚುಕ್ಕೆಗಳಲ್ಲಿ ಒಂದು ಬೆಳಗಿನ ಪೂರ್ತಿ ದುಡಿಮೆಯಿತ್ತು. ಅದನ್ನು ಅಚ್ಚೊತ್ತಿದವಳು ಹೆಲೆನ್.

ಮರುದಿನ ಪಾಪಮ್ಮ ಆ ಕಲ್ಲಿಗೆ ಮೊದಲಿನಿಂದ ಕಚ್ಚು ಹಾಕಿದಳು. ಹೆಲೆನ್ ಹೊಸ ಅಚ್ಚು ತೆಗೆದು ಗೋಡೆಗೇರಿಸಿದಳು. ಹಳೆಯ ಹಾಳೆಯನ್ನು ಇಬ್ಬರೂ ಸೇರಿ ನೀರೊಲೆಗೆ ಹಾಕಿದರು.

ಸಂಜೆ ನಾನೂ ಹೊಸ ಹಾಳೆಗೆ ಮೂಗು ತಾಗಿಸಿಕೊಂಡು ಬಹಳ ಹೊತ್ತು ನೋಡಿದೆ. ಪ್ರಾಮಾಣಿಕವಾಗಿ ಹೇಳುತ್ತೇನೆ, ನೆನಪಿನಲ್ಲಿದ್ದ ಹಳೆಯದಕ್ಕೂ ಈ ಹೊಸದಕ್ಕೂ ನನಗೆ ಭೇದ ಕಾಣಲಿಲ್ಲ. ಪಾಪಮ್ಮ ಪಕ್ಕಕ್ಕೆ ಬಂದು ನಿಂತಳು.

“ಈಗ ಎಂಗೈತೆ ಮೇಷ್ಟ್ರೇ?”

“ಒಂದೂ ತಪ್ಪಿಲ್ಲ ಪಾಪಮ್ಮ.”

“ಎರಡವೆ,” ಎಂದಳು. “ದೊರೆಸಾನಮ್ಮನೇ ಬೆರಳಿಕ್ಕಿ ತೋರುಸ್ದ್ರು. ಅಷ್ಟಿರ್ಲಿ ಬುಡಿ ಅಂದೆ.” ಹೀಗೆಂದು ರಾಯಕೋಟೆಯ ಬಸ್ಸು ಹಿಡಿಯಲು ಹೊರಟಳು.