ಹಿಂಬದಿ ಪುಟದ ಕ್ರಾಪು

ಎರಡು ಕುರ್ಚಿಯ ಆ ಕಟಿಂಗ್ ಶಾಪಿನ ಮಾಲೀಕನಿಗೆ ವ್ಯಾಪಾರದ ಪುಸ್ತಕ ಕೊಳ್ಳುವ ಹುಚ್ಚು. ಆರಿಸುವ ಕ್ರಮ ಅವನದೇ. ಒಳಗಿನ ಒಂದು ಪುಟವನ್ನೂ ಓದದೆ, ಹಿಂದೆ ತಿರುಗಿಸಿ ಲೇಖಕನ ಫೋಟೋ ನೋಡುತ್ತಿದ್ದ. ಕಿವಿಯ ಸುತ್ತ ಕತ್ತರಿ ಒಪ್ಪವಾಗಿ ಆಡಿದ್ದರೆ ಕೊಂಡೇಬಿಡುತ್ತಿದ್ದ. ತಲೆಯನ್ನೇ ನೆಟ್ಟಗೆ ಇಟ್ಟುಕೊಳ್ಳಲಾರದವನು ಅಂಗಡಿಯನ್ನು ಇಟ್ಟುಕೊಂಡಾನೆಯೇ ಎಂಬುದು ಅವನ ವಾದ. ಬರೆದವನು ಯಾವ ಅಂಗಡಿ ನಡೆಸಿದ್ದ, ಅದು ಇನ್ನೂ ಇದೆಯೇ, ಅಷ್ಟಾದರೂ ನೋಡಿ ಎಂದು ಹೆಂಡತಿ ಹೇಳುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲವಲ್ಲ, ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅವನ ಪ್ರಕಾರ ಅತ್ಯುತ್ತಮ ಕ್ರಾಪಿದ್ದ ಲೇಖಕ ಒಂದು ಮಾತು ಬರೆದಿದ್ದ: ನಿಮ್ಮಲ್ಲಿ ಅತಿ ನಿಧಾನದ ಕೈ ಯಾವುದೆಂದು ಗುರುತಿಸಿ, ನಗುನಗುತ್ತಾ ಕಳಿಸಿಕೊಡಿ.

ನಿಧಾನದ ಕೈ ಎರಡನೇ ಕುರ್ಚಿಯಲ್ಲಿ ಕೆಲಸ ಮಾಡುವ ಮಾಲೀಕನ ಸ್ವಂತ ಅಣ್ಣನದು. ಅಂಗಡಿ ಹಾಕಿದವನೂ ಅವನೇ. ವಯಸ್ಸಾಯಿತೆಂದು ಯಜಮಾನಿಕೆಯನ್ನು ತಮ್ಮನಿಗೆ ಬಿಟ್ಟಿದ್ದ. ಗಿರಾಕಿಯ ಮಂಡಿನೋವು, ಅಳಿಯನ ಜಗಳ ಎಲ್ಲ ಕೇಳಿ ಮುಗಿಸಿದ ಮೇಲೇ ಅವನ ಕತ್ತರಿ ನಿಲ್ಲುತ್ತಿತ್ತು. ತಮ್ಮ ಒಂದು ಮಧ್ಯಾಹ್ನ, ಪುಸ್ತಕದಲ್ಲಿದ್ದ ಹಾಗೇ ನಗುತ್ತಾ, ಇನ್ನು ಮನೆಯಲ್ಲಿ ಆರಾಮಾಗಿರು ಎಂದ.

ಅಣ್ಣ ಬಾಚಣಿಗೆ ಒರೆಸುತ್ತಾ ಹೇಳಿದ: "ನೀನು ಕೆಲಸ ಕಲಿಯೋವಾಗ ಎಷ್ಟು ಜನರ ಕಿವಿ ಕುಯ್ದೆ, ನೆನಪಿದ್ಯೇನೋ? ನಾನು ಪುಸ್ತಕ ಓದಿರ್ಲಿಲ್ಲ. ಅದಕ್ಕೇ ನಿನ್ನ ಇಟ್ಕೊಂಡೆ."

ತನ್ನ ಕತ್ತರಿಯ ಪೆಟ್ಟಿಗೆ ಎತ್ತಿಕೊಂಡು ಹೋದ. ಹಳೇ ಗಿರಾಕಿಗಳು ಬಾಗಿಲಲ್ಲೇ ನಿಂತು ದೊಡ್ಡವರಿಲ್ಲವೇ ಎಂದು ಕೇಳಿ ಹಿಂದಿರುಗತೊಡಗಿದರು. ಅಣ್ಣ ಅವರವರ ಮನೆಗೇ ಹೋಗಿ ಕೂದಲು ಕತ್ತರಿಸುತ್ತಿದ್ದಾನೆಂದು ಸುದ್ದಿ ಬಂತು. ಅಂಗಡಿಯಲ್ಲಿ ಎರಡು ಕುರ್ಚಿಗೂ ಕೆಲಸವಿಲ್ಲ. ಹೆಂಡತಿ ಆ ಪುಸ್ತಕದ ಲೇಖಕರ ಪರಿಚಯವನ್ನು ಗಟ್ಟಿಯಾಗಿ ಓದಿದಳು. ಆತ ಅಂಗಡಿ ಇಟ್ಟವನೇ ಅಲ್ಲ. ಪುಸ್ತಕ ಬರೆಯುವುದು, ಭಾಷಣ ಮಾಡುವುದು, ಅಷ್ಟೇ ಅವನ ವ್ಯಾಪಾರ.

ಬಾಡಿಗೆಯ ಅಂಗಡಿ ಕೈತಪ್ಪುವ ಹೊತ್ತಿಗೆ ತಮ್ಮ ಅಣ್ಣನ ಮನೆಗೆ ಹೋದ. ಅತ್ತಿಗೆ ನೀರು ಕೊಟ್ಟು ಒಳಗೆ ಹೋದಳು. ತಪ್ಪಾಯ್ತು, ನೀನಿಲ್ಲದೆ ಅಂಗಡಿಗೆ ಜೀವವಿಲ್ಲ, ವಾಪಸ್ ಬಾ ಎಂದು ತಡವರಿಸದೆ ಹೇಳಿದ. ಅಣ್ಣ ಪೂರ್ತಿ ಕೇಳಿಸಿಕೊಂಡ.

"ಇಷ್ಟು ಚೆನ್ನಾಗಿ ಮಾತಾಡೋನಲ್ಲ ನೀನು. ಇದು ಯಾವ ಪುಸ್ತಕದ್ದೋ?"

ಕಳೆದ ವಾರ ಕೊಂಡ ಪುಸ್ತಕದ್ದು ಎಂದು ತಮ್ಮ ಒಪ್ಪಿಕೊಂಡ. ಅಣ್ಣ ಎದ್ದು, ಗಿರಾಕಿ ಕಾಯ್ತಿದ್ದಾರೆ ಎಂದು ಚಪ್ಪಲಿ ಮೆಟ್ಟಿ ಹೊರಟ.