ದಫೇದಾರರ ಹೊಟ್ಟೆ ಹಿಡಿದ ಜಾಡು

ದಫೇದಾರರಿಗೆ ಬಸ್ಸು ಆಗುತ್ತಿರಲಿಲ್ಲ. ಬಸ್ಸು ಮಾತ್ರವಲ್ಲ, ಕಾರು, ಜೀಪು, ಒಮ್ಮೆ ಭಾವಮೈದುನನ ಸ್ಕೂಟರಿನ ಹಿಂದಿನ ಸೀಟು ಕೂಡ. ಗಾಡಿ ಎರಡು ತಿರುವು ದಾಟುವಷ್ಟರಲ್ಲಿ ಅವರ ಹೊಟ್ಟೆಯೊಳಗೆ ಯಾರೋ ಬಟ್ಟೆ ಒಗೆಯಲು ಶುರು ಮಾಡುತ್ತಿದ್ದರು. ಮುಂದಿನ ತಿರುವಿಗೆ ಎಲ್ಲ ಬಾಯಿಗೆ ಬರುತ್ತಿತ್ತು. ಜೇಬಿನಲ್ಲಿ ಸದಾ ಒಂದು ನಿಂಬೆಹಣ್ಣು ಇಟ್ಟುಕೊಂಡು ಮೂಸುತ್ತಿದ್ದುದರಿಂದ ಠಾಣೆಯಲ್ಲಿ ಅವರಿಗೆ ನಿಂಬೆಹಣ್ಣು ದಫೇದಾರರೆಂದೇ ಹೆಸರು.

ಇಡೀ ಬದುಕನ್ನು ಅವರು ಕಾಲಳತೆಗೆ ಕತ್ತರಿಸಿಕೊಂಡಿದ್ದರು. ಮನೆ ಠಾಣೆಯ ಹಿಂದಿನ ಬೀದಿಯಲ್ಲಿ. ಬಡ್ತಿಯ ಬೆನ್ನಿಗೇ ವರ್ಗವೂ ಬರುತ್ತದೆಂದು ಬಡ್ತಿಯನ್ನೇ ಬೇಡವೆಂದರು. ನದಿಯಾಚೆಯಿಂದ ಒಳ್ಳೊಳ್ಳೆಯ ಸಂಬಂಧಗಳು ಹುಡುಕಿಕೊಂಡು ಬಂದರೂ ಎರಡು ಓಣಿ ಆಚೆಯ ದರ್ಜಿಯ ಮಗಳನ್ನೇ ಒಪ್ಪಿದರು. ನಿಜ ಗೊತ್ತಾದ ದಿನ ಹೆಂಡತಿ, "ಎಲ್ಲರೂ ರೂಪ ನೋಡಿ ಮದ್ವೆ ಆಗ್ತಾರೆ, ನೀವು ವಿಳಾಸ ನೋಡಿ ಆದ್ರಿ" ಎಂದಿದ್ದಳು. ಅವರ ಈ ಗುಟ್ಟು ಕಳ್ಳರಿಗೂ ಗೊತ್ತಿತ್ತು. ದಫೇದಾರರು ಓಟದಲ್ಲಿ ಗಟ್ಟಿಗರು, ಬೆನ್ನು ಹತ್ತಿದರೆ ಬಿಡುವವರಲ್ಲ. ಆದರೆ ಓಡುತ್ತ ಓಡುತ್ತ ಒಂದು ಬಸ್ಸು ಹತ್ತಿಬಿಟ್ಟರೆ ಕಳ್ಳನಿಗೆ ಅದೇ ಕೋಟೆ.

ಇಂಥವರ ಕೊರಳಿಗೆ ಲಿಫ್ಟಿನವರ ಸಾವಿನ ಪ್ರಕರಣ ಬಿತ್ತು.

ಲಿಫ್ಟಿನವರೆಂದರೆ ಪೇಟೆಯ ಹಳೆಯ ವಿಮಾ ಕಚೇರಿ ಕಟ್ಟಡದಲ್ಲಿ ಲಿಫ್ಟು ನಡೆಸಿ ನಿವೃತ್ತರಾದ ಮುದುಕರು. ಮದುವೆಯಾಗಿರಲಿಲ್ಲ. ವಿಧವೆ ಅಕ್ಕನ ಜೊತೆ ಇದ್ದರು. ಒಂದು ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು, "ಲೈಬ್ರರಿಗೆ ಹೋಗಿ ಬರ್ತೀನಿ ಅಕ್ಕಾ" ಎಂದು ಹೋದವರು ತಿರುಗಿ ಬರಲಿಲ್ಲ. ಅಕ್ಕ ಠಾಣೆಗೆ ದೂರು ಕೊಟ್ಟರು. ನಾಲ್ಕಾರು ದಿನದ ಮೇಲೆ ಊರಿನ ಇನ್ನೊಂದು ತುದಿಯ ಆಸ್ಪತ್ರೆಯಲ್ಲಿ, ವಾರಸುದಾರರಿಲ್ಲದ ಹೆಣಗಳ ಸಾಲಿನಲ್ಲಿ ಅವರು ಸಿಕ್ಕಿದರು. ಕಲ್ಲುಕ್ವಾರಿಯ ಬಳಿ, ಬಸ್ಸಿನ ಕೊನೆಯ ನಿಲ್ದಾಣದ ಬೆಂಚಿನ ಮೇಲೆ ಕೂತ ಹಾಗೆಯೇ ಸತ್ತಿದ್ದರಂತೆ. ಮೈಮೇಲೆ ಗೀರಿಲ್ಲ, ಹೊಟ್ಟೆಯಲ್ಲಿ ವಿಷವಿಲ್ಲ.

"ಹೃದಯ ನಿಂತಿದೆ. ಯಾಕೆ ನಿಂತಿತು ಅಂತ ಹೇಳಕ್ಕಾಗಲ್ಲ" ಎಂದರು ಡಾಕ್ಟರು.

ಕಲ್ಲುಕ್ವಾರಿಯಲ್ಲಿ ಅವರಿಗೇನು ಕೆಲಸ? ಅಲ್ಲಿ ನೆಂಟರಿಲ್ಲ, ಸ್ನೇಹಿತರಿಲ್ಲ, ಲೈಬ್ರರಿಯಂತೂ ಇಲ್ಲವೇ ಇಲ್ಲ. ಲೈಬ್ರರಿಯವರನ್ನು ಕೇಳಿದರೆ ಅಂಥವರ ಮುಖವನ್ನೇ ನೋಡಿಲ್ಲವೆಂದರು. ಲಿಫ್ಟಿನವರ ಜೇಬಿನಲ್ಲಿದ್ದ, ಹತ್ತುವಾಗೆಲ್ಲ ಯಂತ್ರಕ್ಕೆ ತೋರಿಸುವ, ಹೆಸರಿಲ್ಲದೆ ಬರೀ ನಂಬರಿದ್ದ ಬಸ್ ಪಾಸಿನ ಜಾಡು ಹಿಡಿದು ಸಾರಿಗೆ ಕಚೇರಿಯಿಂದ ಒಂದು ಪಟ್ಟಿ ತರಿಸಿದ ಇನ್‌ಸ್ಪೆಕ್ಟರ್ ಮೇಡಂ ಬೆಚ್ಚಿಬಿದ್ದರು. ಮುದುಕರು ದಿನವೂ ಬಸ್ಸಿನಲ್ಲೇ ಇದ್ದರು! ಒಂದು ವಾರ ಇಟ್ಟಿಗೆ ಗೂಡಿನ ಕಡೆ, ಮತ್ತೊಂದು ವಾರ ಕಣ್ಣಾಸ್ಪತ್ರೆ, ಆಮೇಲೆ ಜೈಲು, ಆಮೇಲೆ ಕೆರೆ. ಪಟ್ಟಿಯಲ್ಲಿ ಹೋದ ಮಾರ್ಗವಿತ್ತೇ ಹೊರತು ಯಾಕೆ ಹೋದರೆಂದು ಎಲ್ಲಿರಬೇಕು? ಮೇಡಂ ಗೋಡೆಯ ಮೇಲಿನ ಊರಿನ ನಕ್ಷೆಗೆ ಕೆಂಪು ಗುಂಡುಪಿನ್ನು ಚುಚ್ಚುತ್ತ ಹೋದರು. ಕೊನೆಗೆ ಊರಿಗೇ ದಡಾರ ಎದ್ದ ಹಾಗೆ ಕಂಡಿತು.

"ಚಿನ್ನ ಸಾಗಿಸ್ತಿದ್ರು ಅನ್ಸುತ್ತೆ ಮೇಡಂ" ಎಂದ ಒಬ್ಬ ಕಾನ್‌ಸ್ಟೇಬಲ್ಲು.

"ಇಟ್ಟಿಗೆ ಗೂಡಿಗೆ ಚಿನ್ನ ಯಾಕ್ರೀ?"

"ಹಾಗಾದ್ರೆ ಸಂಸಾರ ಇರ್ಬೇಕು. ಒಂದೊಂದು ಸ್ಟಾಪಿಗೆ ಒಂದೊಂದು."

ಮೇಡಂ ದಫೇದಾರರ ಕಡೆ ತಿರುಗಿದರು. ಜೀಪು ಗ್ಯಾರೇಜಿನಲ್ಲಿತ್ತು, ಉಳಿದವರೆಲ್ಲ ಮಂತ್ರಿಗಳ ಬಂದೋಬಸ್ತಿಗೆ ಹೊರಟಿದ್ದರು. "ಅವರು ಹೋದ ದಾರೀಲೆಲ್ಲ ನೀವೂ ಹೋಗಿ ಬನ್ನಿ. ಅದೇ ಬಸ್ಸು, ಅದೇ ಹೊತ್ತು."

"ನಡ್ಕೊಂಡು ಹೋಗ್ಲಾ ಮೇಡಂ?"

"ಸತ್ತವರು ನಡ್ಕೊಂಡು ಹೋಗಿದ್ರಾ?"

ಮರುದಿನ ದಫೇದಾರರು ಮಫ್ತಿಯಲ್ಲಿ ಇಟ್ಟಿಗೆ ಗೂಡಿನ ಬಸ್ಸು ಹತ್ತಿದರು. ನಿಂಬೆಹಣ್ಣು ಮೊದಲ ನಿಲ್ದಾಣದವರೆಗೆ ಕೆಲಸ ಮಾಡಿತು. ಅಲ್ಲಿಂದಾಚೆಗೆ ಅವರು ತನಿಖೆ ಮಾಡಿದ್ದೆಲ್ಲ ಕಿಟಕಿಯಾಚೆ ತಲೆ ಹಾಕಿಕೊಂಡೇ. ಕಂಡಕ್ಟರು ಬೈಯುತ್ತ ನೀರು ಕೊಟ್ಟ. ಪಕ್ಕದ ಸೀಟಿನ ಅಜ್ಜಿ ಬೆನ್ನು ತಟ್ಟಿ, "ಪಟ್ಟಣಕ್ಕೆ ಹೊಸಬನಾ ಮಗಾ?" ಎಂದು ಕೇಳಿದಳು. ಹುಟ್ಟಿದಾಗಿನಿಂದ ಈ ಊರು ಬಿಟ್ಟು ಎಲ್ಲೂ ಹೋಗಿರದ ದಫೇದಾರರಿಗೆ ಉತ್ತರ ಕೊಡಲು ಬಾಯಿ ಬಿಡುವ ಧೈರ್ಯವಾಗಲಿಲ್ಲ. ಜೈಲಿನ ದಾರಿಯಲ್ಲೂ ಅದೇ ಪಾಡು. ಮನೆಗೆ ಬಂದು ಮಂಚದ ಮೇಲೆ ಬಿದ್ದರೆ ಮಂಚವೂ ತಿರುವು ತಿರುಗುತ್ತಿತ್ತು.

"ಮುದುಕ ಸತ್ತಿದ್ದು ಹೇಗೆ ಅಂತ ನಂಗೆ ಗೊತ್ತಾಯ್ತು ಕಣೇ" ಎಂದರು ಹೆಂಡತಿಗೆ. "ಬಸ್ಸಲ್ಲಿ ಕೂತೇ ಸತ್ತಿದಾನೆ."

ಕಣ್ಣಾಸ್ಪತ್ರೆಯ ದಾರಿ ಊರಿನಲ್ಲೇ ಕೆಟ್ಟ ದಾರಿ. ಹೊಂಡಗಳ ನಡುವೆ ರಸ್ತೆ ಹುಡುಕಬೇಕು. ದಫೇದಾರರು ಕಣ್ಣುಮುಚ್ಚಿ, ನಿಂಬೆಹಣ್ಣು ಮೂಗಿಗೆ ಒತ್ತಿ ಕೂತರು. ಬಸ್ಸು ನಿಂತಿತು, ಹೊರಟಿತು, ತಿರುಗಿತು. "ಕೊನೇ ಸ್ಟಾಪು, ಇಳೀರಿ" ಎಂದು ಕಂಡಕ್ಟರು ಕೂಗಿದಾಗಲೇ ಕಣ್ಣು ಬಿಟ್ಟರು. ಹೊಟ್ಟೆಯಲ್ಲಿ ಏನೋ ವಿಚಿತ್ರ ಆಗುತ್ತಿತ್ತು. ಏನೆಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಹಸಿವು!

ಬಸ್ಸಿನಲ್ಲಿ ಹಸಿವಾಗಬಹುದೆಂದು ಅವರಿಗೆ ಗೊತ್ತೇ ಇರಲಿಲ್ಲ. ಇಳಿದು ಚಾಲಕರ ಕಿಟಕಿಯ ಹತ್ತಿರ ಹೋಗಿ ತಲೆಯೆತ್ತಿ ನೋಡಿದರು. ನಲವತ್ತರ ಆಸುಪಾಸಿನ ಹೆಂಗಸು, ಖಾಕಿ ತೋಳು ಮಡಚಿ ಸ್ಟೀರಿಂಗಿನ ಧೂಳು ಒರೆಸುತ್ತಿದ್ದಳು. ಅವಳ ಪಾಳಿ ಅಲ್ಲಿಗೇ ಮುಗಿದಿತ್ತು. ವಾಪಸ್ಸು ಬರುವಾಗ ಬೇರೆ ಡ್ರೈವರು ಹತ್ತಿದ. ಬಸ್ಸು ಅದೇ, ಹೊಂಡಗಳೂ ಅವೇ. ಎರಡನೆಯ ತಿರುವಿಗೆ ದಫೇದಾರರು ಕಿಟಕಿಗೆ ಹೋದರು.

ವಾಂತಿಯ ನಡುವೆಯೇ ಅವರ ತಲೆಗೆ ಆ ವಿಚಾರ ಹೊಳೆಯಿತು. ಲಿಫ್ಟಿನವರು ಹೋಗುತ್ತಿದ್ದುದು ಇಟ್ಟಿಗೆ ಗೂಡಿಗೂ ಅಲ್ಲ, ಕಣ್ಣಾಸ್ಪತ್ರೆಗೂ ಅಲ್ಲದಿದ್ದರೆ? ಅಲ್ಲೇ ಇಳಿದು ಡಿಪೋಗೆ ನಡೆದೇ ಹೋದರು. ಯಾವ ವಾರ ಆಕೆಗೆ ಯಾವ ದಾರಿಯ ಡ್ಯೂಟಿ ಎಂದು ಕೇಳಿ ತಾಳೆ ನೋಡಿದರು. ಇಟ್ಟಿಗೆ ಗೂಡು, ಕಣ್ಣಾಸ್ಪತ್ರೆ, ಜೈಲು, ಕೆರೆ. ಮುದುಕರು ಹತ್ತಿದ್ದೆಲ್ಲ ಆಕೆಯ ಬಸ್ಸೇ.

ಮರುದಿನ ನಿಲ್ದಾಣದ ಚಹಾದಂಗಡಿಯಲ್ಲಿ ಆಕೆಯನ್ನು ಹಿಡಿದರು. ಬಾಯಿ ತೆರೆಯುವ ಮೊದಲೇ ಆಕೆ ಎಗರಿಬಿದ್ದಳು.

"ನೀವೂ ನನ್ನ ಡ್ರೈವಿಂಗ್ ಪರೀಕ್ಷೆ ಮಾಡಕ್ಕೆ ಬಂದ ಡಿಪೋ ಕಡೆಯವರಾ? ಮೊದಲು ಆ ಬಿಳಿ ಷರಟಿನ ಮುದುಕರನ್ನ ಕಳಿಸಿದ್ರು, ಈಗ ನಿಮ್ಮನ್ನ. ನೀವೋ, ವಾಸನೆ ನೋಡ್ಕೊಂಡು ಕೂರ್ತೀರಿ!"

"ಮುದುಕರು ಏನು ಮಾಡ್ತಿದ್ರು?"

"ಏನು ಮಾಡ್ತಿದ್ರು? ನನ್ನ ಹಿಂದಿನ ಸೀಟಲ್ಲೇ ಕೂತು, ನಾನು ಬ್ರೇಕ್ ಹಾಕಿದಾಗೆಲ್ಲ ತಲೆ ಅಲ್ಲಾಡಿಸ್ತಿದ್ರು. ತಪ್ಪು ಹುಡುಕ್ತಿದಾರೆ ಅಂತ ಹೆದರಿ ನಾನು ಇನ್ನೂ ಮೆತ್ತಗೆ ಓಡಿಸ್ತಿದ್ದೆ. ಆಗ ಇನ್ನೂ ಜೋರಾಗಿ ಅಲ್ಲಾಡಿಸ್ತಿದ್ರು. ಒಂದಿನ ತಡ್ಕೊಳ್ಳಕ್ಕಾಗದೆ ಕೇಳೇಬಿಟ್ಟೆ, ಏನ್ರೀ ನಿಮ್ಮ ಸಮಸ್ಯೆ ಅಂತ. 'ನೆಲಕ್ಕೆ ನೆಲ ಕೂಡಿಸ್ತೀಯಮ್ಮಾ ನೀನು' ಅಂದ್ರು. ಹಾಗಂದ್ರೆ ಏನು ಹೇಳಿ!"

ದಫೇದಾರರಿಗೂ ಗೊತ್ತಿರಲಿಲ್ಲ. "ಕೊನೇ ದಿನ?"

"ಕ್ವಾರಿ ದಾರಿ ನಂಗೆ ಅವತ್ತೇ ಹೊಸದು. ಕೊನೇ ಸ್ಟಾಪಲ್ಲಿ ಅವರೇ ಮೊದಲು ಇಳಿದು, ಬಾಗಿಲ ಪಕ್ಕ ನೆಟ್ಟಗೆ ನಿಂತು, 'ನಿಧಾನ, ಕಾಲು ನೋಡ್ಕೊಂಡು ಇಳೀರಿ' ಅಂತ ಎಲ್ಲರನ್ನೂ ಇಳಿಸಿದ್ರು. ಆಮೇಲೆ ಬೆಂಚ್ ಮೇಲೆ ಕೂತು, 'ನೀನು ಹೋಗಿ ಬಾರಮ್ಮಾ, ಮುಂದಿನ ಟ್ರಿಪ್ಪಿಗೆ ಹತ್ತುತೀನಿ' ಅಂದ್ರು. ಅಷ್ಟರಲ್ಲಿ ನನ್ನನ್ನ ಬೇರೆ ದಾರಿಗೆ ಹಾಕಿದ್ರು, ಅಲ್ಲಿಗೆ ತಿರುಗಿ ಹೋಗ್ಲಿಲ್ಲ. ಆಮೇಲೆ ಅವರು ಕಾಣಲೇ ಇಲ್ಲ. ರಿಪೋರ್ಟ್ ಕೊಟ್ಟಾಯ್ತು, ನನ್ನ ಕೆಲಸಕ್ಕೆ ಕಲ್ಲು ಬಿತ್ತು ಅಂದ್ಕೊಂಡಿದ್ದೆ."

"ಅವರು ತೀರಿಕೊಂಡ್ರಮ್ಮಾ. ಆ ಬೆಂಚ್ ಮೇಲೇ."

ಆಕೆ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. "ಅಯ್ಯೋ" ಎಂದಳು. "ಮನಸ್ಸಲ್ಲೇ ಎಷ್ಟು ಬೈದಿದ್ದೀನಿ ಗೊತ್ತಾ ಅವರನ್ನ" ಎಂದಳು. ಚಹಾ ಹಾಗೆಯೇ ಆರಿಹೋಯಿತು.

ನೆಲಕ್ಕೆ ನೆಲ ಎಂದರೇನೆಂದು ಬಿಡಿಸಿ ಹೇಳಿದವನು ವಿಮಾ ಕಚೇರಿಯ ಹಳೆಯ ಕಾವಲುಗಾರ. "ಆಗ ಲಿಫ್ಟಿಗೆ ಗುಂಡಿ ಎಲ್ಲಿತ್ತು ಸಾರ್? ಹಿತ್ತಾಳೆ ಹಿಡಿಕೆ. ಚೂರು ಬೇಗ ಬಿಟ್ರೆ ಮಹಡಿಗಿಂತ ಕೆಳಗೆ ನಿಲ್ಲೋದು, ತಡ ಮಾಡಿದ್ರೆ ಮೇಲೆ. ಜನ ಮುಗ್ಗರಿಸೋರು. ಇವರ ಕೈಲಿ ಮಾತ್ರ ಲಿಫ್ಟಿನ ನೆಲಕ್ಕೆ ಮಹಡಿ ನೆಲ ಸರಿಯಾಗಿ ಕೂಡ್ತಿತ್ತು. ನಿಂತಿದ್ದೇ ಗೊತ್ತಾಗ್ತಿರ್ಲಿಲ್ಲ. ಆಮೇಲೆ ಗುಂಡಿ ಲಿಫ್ಟು ಬಂತು. ಇವರನ್ನ ಒಳಗೆ ಸ್ಟೂಲ್ ಹಾಕಿ ಕೂರಿಸಿದ್ರು. ಜನ ಇವರ ಮೂಗಿನ ಮುಂದೇನೇ ಕೈ ಚಾಚಿ ತಾವೇ ಒತ್ಕೊಳ್ಳೋರು."

ದಫೇದಾರರು ಬಂದು ಎಲ್ಲವನ್ನೂ ಮೇಡಂಗೆ ಹೇಳಿದರು. ಮೇಡಂ ಪೆನ್ನು ಹಿಡಿದು ಕೂತಿದ್ದರು.

"ಸರಿ, ಪ್ರಯಾಣಕ್ಕೆ ಕಾರಣ ಏನು ಅಂತ ಬರೀಲಿ?"

"ಬಸ್ಸು ಕುಲುಕಲ್ಲ ಮೇಡಂ."

"ಅದೊಂದು ಕಾರಣನಾ? ಮೇಲಿನವರು ನನ್ನ ಮುಖಕ್ಕೆ ಎಸೀತಾರೆ."

"ಒಂದ್ಸಲ ನೀವೇ ಬನ್ನಿ ಮೇಡಂ."

ಮೇಡಂ ಹೋದರು. ಕಣ್ಣಾಸ್ಪತ್ರೆಯ ದಾರಿಯಲ್ಲಿ, ಚಾಲಕಿಯ ಹಿಂದಿನ ಸೀಟಿನಲ್ಲಿ, ಎದೆಯ ಮೇಲೆ ಕೈ ಕಟ್ಟಿ, ತಪ್ಪು ಹಿಡಿಯಲೆಂದೇ ಕೂತರು. ಅರ್ಧ ದಾರಿಗೆ ಬರುವಷ್ಟರಲ್ಲಿ ಅವರ ತಲೆ ದಫೇದಾರರ ಹೆಗಲ ಮೇಲಿತ್ತು. ಸಣ್ಣಗೆ ಗೊರಕೆಯೂ ಕೇಳಿಸಿತು. ಮೇಲಧಿಕಾರಿಯನ್ನು ಎಬ್ಬಿಸುವ ಕ್ರಮ ಯಾವ ಕವಾಯತಿನಲ್ಲೂ ಹೇಳಿಕೊಟ್ಟಿರಲಿಲ್ಲವಾದ್ದರಿಂದ ದಫೇದಾರರು ಉಸಿರು ಬಿಗಿಹಿಡಿದು ಕೂತರು. ಕೊನೆಯ ನಿಲ್ದಾಣದಲ್ಲಿ ಎಚ್ಚರವಾದ ಮೇಡಂ ಟೋಪಿ ಸರಿಮಾಡಿಕೊಂಡು, "ಹೂಂ, ಬರೀಬಹುದು" ಎಂದರು. ಠಾಣೆಗೆ ಬಂದು ಗೋಡೆಯ ಪಿನ್ನುಗಳನ್ನೆಲ್ಲ ಕಿತ್ತರು. ಸಾವಿಗೆ ಕಾರಣ ತಿಳಿದುಬಂದಿಲ್ಲ, ಪ್ರಯಾಣಕ್ಕೆ ಕಾರಣ ಸ್ವಂತ ಸಂತೋಷ ಎಂದು ವರದಿ ಹೋಯಿತು. ಮೇಲಿನವರು ಅದನ್ನು ಓದಿದರೋ ಇಲ್ಲವೋ, ತಿರುಗಿ ಏನೂ ಕೇಳಲಿಲ್ಲ.

ಲಿಫ್ಟಿನವರ ಅಕ್ಕನಿಗೆ ಹೇಳುವುದು ಉಳಿದಿತ್ತು. ಆಕೆ ಬಾಗಿಲು ತೆಗೆದವರೇ, "ಯಾವ ಹೆಂಗಸು ಅಂತ ಹೇಳಿಬಿಡಪ್ಪಾ. ಮನಸ್ಸು ಗಟ್ಟಿ ಮಾಡ್ಕೊಂಡಿದೀನಿ. ವಯಸ್ಸಾದ ಗಂಡಸು ದಿನಾ ಷರಟು ಇಸ್ತ್ರಿ ಮಾಡ್ಕೊಂಡು ಲೈಬ್ರರಿಗೆ ಹೋಗ್ತಾನಾ?" ಎಂದರು.

"ಹೆಂಗಸೇನೋ ಹೌದಮ್ಮಾ" ಎಂದು ದಫೇದಾರರು ತಡವರಿಸಿದರು. "ಆದ್ರೆ ಬಸ್ ಓಡಿಸ್ತಾರೆ."

"ಓಡಿಸ್ಲಿ! ಮಕ್ಕಳೆಷ್ಟು?"

ಬಿಡಿಸಿ ಹೇಳುವಷ್ಟರಲ್ಲಿ ದಫೇದಾರರಿಗೆ ಬೆವರಿಳಿಯಿತು. ಅಕ್ಕ ಎಲ್ಲ ಕೇಳಿಸಿಕೊಂಡರು. ಆಮೇಲೆ ರೇಗಿದರು. "ನನ್ನ ಹತ್ರ ಹೇಳಕ್ಕೆ ಏನಾಗಿತ್ತು ಅವನಿಗೆ?" ಎಂದವರು, ತಾವೇ ಉತ್ತರವನ್ನೂ ಹುಡುಕಿಕೊಂಡರು. "ಹೇಳಿದ್ರೆ ನಾನೇ ಬೈತಿದ್ದೆ. ಜೀವಮಾನವೆಲ್ಲ ಹತ್ತಿದ್ದೂ ಇಳಿದಿದ್ದೂ ಸಾಕಾಗ್ಲಿಲ್ವೇನೋ, ಸುಮ್ನೆ ಮನೇಲಿ ಕೂತ್ಕೋ ಅಂತ." ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋಗಿ ಚಪ್ಪಲಿ ಮೆಟ್ಟಿ ಬಂದರು. "ಎಲ್ಲಿ, ಆ ಹುಡುಗಿ ಬಸ್ಸು ಎಲ್ಲಿ ಬರುತ್ತೆ ತೋರಿಸು." ಅವತ್ತಿನಿಂದ ಮಂಡಿ ನೋಯದ ದಿನ ಅಕ್ಕ ಆ ಬಸ್ಸಿನಲ್ಲಿ ಒಂದು ಸುತ್ತು ಹೋಗಿ ಬರುತ್ತಿದ್ದರು. ಚಾಲಕಿ ಅವರನ್ನು ದೊಡ್ಡಮ್ಮ ಎಂದು ಕರೆಯತೊಡಗಿದಳು.

ದಫೇದಾರರೂ ಒಂದು ಭಾನುವಾರ ಹೆಂಡತಿಯನ್ನು ಕೆರೆಗೆ ಕರೆದುಕೊಂಡು ಹೊರಟರು. ಮದುವೆಯಾದ ಮೇಲೆ ಇಬ್ಬರೂ ಕೂಡಿ ಬಸ್ಸು ಹತ್ತಿದ್ದು ಅದೇ ಮೊದಲು. ಹೆಂಡತಿ ದೇಶಾಂತರ ಹೋಗುವವಳಂತೆ ಬುತ್ತಿ, ಛತ್ರಿ, ಕಂಬಳಿ ಎಲ್ಲ ಕಟ್ಟಿಕೊಂಡಿದ್ದಳು. ಹೋಗುವಾಗ ಓಡಿಸಿದವಳು ಚಾಲಕಿಯೇ, ಏನೂ ತೊಂದರೆಯಾಗಲಿಲ್ಲ. ಸಂಜೆಯವರೆಗೆ ನೀರು ನೋಡುತ್ತ ಕೂತು ಎದ್ದು ಬಂದರೆ, ವಾಪಸ್ಸು ಹೊರಡುವ ಬಸ್ಸಿನಲ್ಲಿ ದಪ್ಪ ಮೀಸೆಯ ಡ್ರೈವರೊಬ್ಬ ಕೂತು ಸುಮ್ಮಸುಮ್ಮನೆ ಎಕ್ಸಿಲರೇಟರ್ ಒತ್ತುತ್ತಿದ್ದ. ದಫೇದಾರರ ಮುಖ ಬಿಳಿಚಿಕೊಂಡಿತು.

"ಏನೇ, ನಡ್ಕೊಂಡೇ ಹೋಗೋಣ್ವಾ? ಗಾಳಿ ಚೆನ್ನಾಗಿದೆ."

ಹೆಂಡತಿ ಅವರ ಮುಖ ನೋಡಿದಳು, ದಾರಿ ನೋಡಿದಳು. ಬುತ್ತಿ, ಛತ್ರಿ, ಕಂಬಳಿ ಮೂರನ್ನೂ ಅವರ ಕೈಗೆ ಕೊಟ್ಟು, ಬಸ್ಸು ಹತ್ತಿ ಕಿಟಕಿ ಪಕ್ಕದ ಸೀಟಿನಲ್ಲಿ ಕೂತಳು.

"ನಿಧಾನಕ್ಕೆ ಬನ್ನಿ" ಎಂದು ಕೈ ಬೀಸಿದಳು. "ಅಡುಗೆ ಮಾಡಿಟ್ಟಿರ್ತೀನಿ."